ಕೇಳುವ ತಂತಿ, ಮಾತನಾಡುವ ತಂತಿ

ಬನಹಟ್ಟಿಯಲ್ಲಿ ನಾನು ಹುಟ್ಟಿ ಬೆಳೆದ ಮನೆ ಮೇಲ್ಮುದ್ದೆಯದು. ಅದರ ಮಾಳಿಗೆಯ ಎರಡು ತುದಿಗಳಲ್ಲಿ ಎರಡು ಬಿದಿರ ಗಳಗಳು ನಿಂತಿದ್ದವು. ಅವುಗಳ ನಡುವೆ ಒಂದು ತಾಮ್ರದ ತಂತಿ. ದೂರದಿಂದ ನೋಡಿದವರು ಅದನ್ನು ಬಟ್ಟೆ ಒಣಹಾಕುವ ಹಗ್ಗವೆಂದು ತಿಳಿಯಬಹುದಾಗಿತ್ತು. ಆದರೆ ಅದರ ಮೇಲೆ ಬಟ್ಟೆ ಹರವುವ ಧೈರ್ಯ ಯಾರಿಗೂ ಇರಲಿಲ್ಲ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ತಂತಿಯ ಮೇಲೆ ಗುಬ್ಬಿ ಕುಳಿತರೂ ಅವರ ಕಣ್ಣು ಅತ್ತ ಹೋಗುತ್ತಿತ್ತು. ಅಜ್ಜಿ ಅದನ್ನು ‘ಏರೇಲು’ ಎನ್ನುತ್ತಿದ್ದಳು. ನೇಕಾರರ ಓಣಿಯಲ್ಲಿ ಹಾಸಿನ ಎಳೆಗಳನ್ನು ಉದ್ದಕ್ಕೆ ಬಿಗಿಯುವುದನ್ನು ದಿನವೂ ಕಾಣುತ್ತಿದ್ದ ನಮಗೆ ಎರಡು ಕೋಲುಗಳ ನಡುವೆ ಎಳೆ ಕಟ್ಟುವುದು ಹೊಸದಾಗಿರಲಿಲ್ಲ. ಹೊಸದಾಗಿದ್ದುದು ಇಷ್ಟೇ: ಮಗ್ಗದ ಎಳೆ ಸೀರೆಯಾಗುತ್ತಿತ್ತು, ಈ ಎಳೆ ಮಾತಾಗುತ್ತಿತ್ತು.

ಈಗ ಜಮಖಂಡಿಯ ನನ್ನ ಮನೆಯ ಮೇಲೆಯೂ ಅಂಥದೇ ಒಂದು ತಂತಿ ಇದೆ. ಇದನ್ನು ಕಟ್ಟಿದವನು ನನ್ನ ತಮ್ಮನ ಮಗ. ಎರಡೂ ತಂತಿಗಳು ನೋಟಕ್ಕೆ ಒಂದೇ; ಆದರೆ ಸ್ವಭಾವದಲ್ಲಿ ಅಜಗಜಾಂತರ. ಅಪ್ಪನ ತಂತಿ ಕೇಳುವ ತಂತಿ. ಇದು ಕೇಳುವುದೂ ಅಲ್ಲದೆ ಮಾತನಾಡುವ ತಂತಿ. ಒಂದರಿಂದ ಇನ್ನೊಂದಕ್ಕೆ ಬರಲು ನಮ್ಮ ಮನೆಗೆ ಐವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಅಷ್ಟು ತಡವಾದುದಕ್ಕೆ ನಾನೂ ಒಂದು ಕಾರಣ. ಆ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ತಂತಿಯ ಪೂರ್ವೋತ್ತರ. ಜರ್ಮನಿಯ ಕಾರ್ಲ್ಸ್‌ರೂಹೆ ನಗರದಲ್ಲಿ ಹೈನ್ರಿಖ್ ಹರ್ಟ್ಸ್ ಎಂಬ ತರುಣ ಪ್ರಾಧ್ಯಾಪಕ 1887-88ರಲ್ಲಿ ಒಂದು ಪ್ರಯೋಗ ನಡೆಸಿದ. ಒಂದು ಲೋಹದ ತಂತಿಯನ್ನು ನಟ್ಟನಡುವೆ ಕಡಿದು, ಎರಡು ಸಮ ತೋಳುಗಳನ್ನಾಗಿ ಮಾಡಿ, ನಡುವಿನ ಸಂದಿನಲ್ಲಿ ವಿದ್ಯುತ್ತಿನ ಕಿಡಿ ಹಾರಿಸಿದ. ಕೋಣೆಯ ಇನ್ನೊಂದು ಕಡೆ ಇಟ್ಟಿದ್ದ ತಂತಿಯ ಬಳೆಯಲ್ಲಿ, ಯಾವ ಸಂಪರ್ಕವೂ ಇಲ್ಲದೆ, ಸಣ್ಣದೊಂದು ಕಿಡಿ ಕಾಣಿಸಿಕೊಂಡಿತು. ಆ ಎರಡು ತೋಳುಗಳ ತಂತಿಯ ವಂಶವೇ ಇಂದಿನ ಡೈಪೋಲ್. ಕನ್ನಡದಲ್ಲಿ ಬೇಕಾದರೆ ದ್ವಿಧ್ರುವವೆನ್ನಬಹುದು. ಆದರೆ ನಮ್ಮ ಹುಡುಗರು ಡೈಪೋಲ್ ಎಂದೇ ಹೇಳುತ್ತಾರೆ, ನಾನೂ ಹಾಗೆಯೇ ಹೇಳುವೆ. 1895ರಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಇಂಥ ಅಲೆಗಳನ್ನು ಗೋಡೆಗಳಾಚೆ ಹಾಯಿಸಿ ತೋರಿಸಿದರು. 1901ರ ಡಿಸೆಂಬರಿನಲ್ಲಿ ಮಾರ್ಕೋನಿ ಗಾಳಿಪಟಕ್ಕೆ ತಂತಿ ಕಟ್ಟಿ ಅಟ್ಲಾಂಟಿಕ್ ಸಾಗರದಾಚೆಯ ಸಂಕೇತವನ್ನು ಕೇಳಿದ.

ಭಾರತದಲ್ಲಿ ಬಾನುಲಿ ಪ್ರಸಾರ ಮೊದಲು ಬೇರೂರಿದ್ದು ಸರ್ಕಾರದ ಅಂಗಳದಲ್ಲಲ್ಲ, ಹವ್ಯಾಸಿಗಳ ಮನೆಗಳಲ್ಲಿ. 1920ರ ದಶಕದ ಆರಂಭದಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ರೇಡಿಯೋ ಸಂಘಗಳು ಹುಟ್ಟಿದವು. 1924ರಲ್ಲಿ ಮದರಾಸಿನ ಸಂಘ ತಾನೇ ಪ್ರಸಾರವನ್ನೂ ನಡೆಸಿತು. 1927ರ ಜುಲೈ 23ರಂದು ಮುಂಬಯಿಯಲ್ಲಿ ಒಂದು ಖಾಸಗಿ ಕಂಪನಿಯ ಪ್ರಸಾರಕೇಂದ್ರ ಆರಂಭವಾಯಿತು. ಮೂರು ವರ್ಷಗಳಲ್ಲೇ ಆ ಕಂಪನಿ ನಷ್ಟದಿಂದ ಬಾಗಿಲು ಹಾಕಿತು. ಅನಂತರ ಸರ್ಕಾರವೇ ಕೈಹಾಕಿ, 1936ರಲ್ಲಿ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂತು.

ಆದರೆ ಕನ್ನಡಿಗರಾದ ನಮಗೆ ಇದಕ್ಕಿಂತ ಆಪ್ತವಾದ ಇಸವಿ 1935. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಆ ವರ್ಷದ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಅವರ ಪ್ರೇಷಕದ ಶಕ್ತಿ 30 ವ್ಯಾಟ್. ಓದುವ ಮೇಜಿನ ಹಳೆಯ ಕಾಲದ 40 ವ್ಯಾಟಿನ ಬಲ್ಬು ನೆನಪಿದೆಯಷ್ಟೆ? ಅದಕ್ಕಿಂತಲೂ ಕಡಿಮೆ. ಅಷ್ಟು ಸಣ್ಣ ದೀಪದಿಂದ ಕನ್ನಡದ ದನಿ ಗಾಳಿಗೇರಿತು. 1942ರಲ್ಲಿ ಸಂಸ್ಥಾನ ಸರ್ಕಾರ ಆ ಕೇಂದ್ರವನ್ನು ವಹಿಸಿಕೊಂಡಿತು. ಅದಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಆ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂಬ ಮಾತು ಪ್ರಚಲಿತವಾಗಿದೆ. 1957ರಲ್ಲಿ ಇಡೀ ದೇಶದ ಪ್ರಸಾರಸಂಸ್ಥೆಯೇ ಆ ಹೆಸರನ್ನು ತನ್ನದಾಗಿ ಮಾಡಿಕೊಂಡಿತು.

ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು ಈ ಹೆಸರಿನ ಬಗ್ಗೆ ಬಹಳ ಯೋಚಿಸಿದ್ದೇನೆ. ನಮ್ಮ ಪುರಾಣಕಾವ್ಯಗಳಲ್ಲಿ ಆಕಾಶವಾಣಿ ಎಂದರೆ ಅಶರೀರವಾಣಿ. ಅದು ನುಡಿಯುತ್ತದೆ, ಕಂಸನಾಗಲಿ ಇನ್ನೊಬ್ಬನಾಗಲಿ ಕೇಳುತ್ತಾನೆ, ನಡುಗುತ್ತಾನೆ. ಅದಕ್ಕೆ ಮರುನುಡಿ ಹೇಳುವ ಅವಕಾಶ ಯಾರಿಗೂ ಇಲ್ಲ. ಬಾನುಲಿಗೂ ಈ ಹೆಸರು ಎಷ್ಟು ಚೆನ್ನಾಗಿ ಒಪ್ಪಿತು! ಮೇಲಿನಿಂದ ಮಾತು ಬರುತ್ತದೆ, ಕೆಳಗೆ ನಾವು ಕೇಳುತ್ತೇವೆ. ಸೋಜಿಗವೆಂದರೆ, ಆ ಹೆಸರು ಹುಟ್ಟಿದ್ದು ಒಬ್ಬ ಪ್ರಾಧ್ಯಾಪಕನ ಮನೆಯಿಂದ ಕೆಳಗಿನ ದನಿಯೊಂದು ಮೇಲಕ್ಕೇರಿದಾಗ.

ಕೇಳುವುದಕ್ಕೂ ಆಗ ಚೀಟಿ ಬೇಕಾಗಿತ್ತು. 1933ರ ನಿಸ್ತಂತು ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ರೇಡಿಯೋ ಇಟ್ಟುಕೊಳ್ಳುವುದೇ ಅಪರಾಧ. ಅಪ್ಪ ವರ್ಷವರ್ಷವೂ ಅಂಚೆ ಕಚೇರಿಗೆ ಹೋಗಿ 15 ರೂಪಾಯಿ ಕಟ್ಟಿ, ಸಣ್ಣ ಪುಸ್ತಕದಲ್ಲಿ ಮುದ್ರೆ ಒತ್ತಿಸಿಕೊಂಡು ಬರುತ್ತಿದ್ದುದು ನೆನಪಿದೆ. ಈ ಶುಲ್ಕ ರದ್ದಾದದ್ದು 1980ರ ದಶಕದ ನಡುವಿನಲ್ಲಿ. ಇನ್ನು ಮಾತನಾಡುವ ಪರವಾನಗಿಯ ಮಾತು ಬೇರೆಯೇ. ಅದಕ್ಕೆ ಪರೀಕ್ಷೆ ಬರೆಯಬೇಕು; ಅದು ದೊರೆತವರನ್ನು ‘ಹ್ಯಾಮ್’ ಎಂದು ಕರೆಯುವುದು ವಾಡಿಕೆ. 1939ರಲ್ಲಿ ಮಹಾಯುದ್ಧ ಆರಂಭವಾದೊಡನೆ ಸರ್ಕಾರ ಈ ಹವ್ಯಾಸಿಗಳ ಪರವಾನಗಿಗಳನ್ನೆಲ್ಲ ರದ್ದುಪಡಿಸಿತು. ಕೇಳುವ ತಂತಿಗಳು ಉಳಿದವು, ಮಾತನಾಡುವ ತಂತಿಗಳು ಇಳಿದವು.

ಹೀಗೆ ಇಳಿಸಿದ ತಂತಿಯೊಂದು ಮತ್ತೆ ಏರಿದ್ದು 1942ರಲ್ಲಿ. ‘ಭಾರತ ಬಿಟ್ಟು ತೊಲಗಿ’ ಚಳವಳಿಯಲ್ಲಿ ನಾಯಕರೆಲ್ಲ ಸೆರೆಯಾದಾಗ, ಮುಂಬಯಿಯಲ್ಲಿ ಉಷಾ ಮೆಹತಾ ಎಂಬ ಇಪ್ಪತ್ತೆರಡರ ವಿದ್ಯಾರ್ಥಿನಿ ತನ್ನ ಗೆಳೆಯರೊಡನೆ ಗುಪ್ತ ಕಾಂಗ್ರೆಸ್ ರೇಡಿಯೋ ನಡೆಸಿದಳು. ಪ್ರೇಷಕವನ್ನು ಕಟ್ಟಿಕೊಟ್ಟವನು ನಾರಿಮನ್ ಪ್ರಿಂಟರ್. ಆಗಸ್ಟಿನಲ್ಲಿ ಆರಂಭವಾದ ಆ ದನಿ ಮನೆಯಿಂದ ಮನೆಗೆ ಅಡಗುತ್ತ ನವೆಂಬರ್ 12ರಂದು ಪೊಲೀಸರ ಕೈಗೆ ಸಿಕ್ಕಿತು. ಉಷಾ ಮೆಹತಾಗೆ ನಾಲ್ಕು ವರ್ಷಗಳ ಶಿಕ್ಷೆಯಾಯಿತು. ಆ ರೇಡಿಯೋ ಮಾತನಾಡುತ್ತಿದ್ದ ಅಲೆಯ ಉದ್ದ 42.34 ಮೀಟರ್. ಈ ಅಂಕಿಯನ್ನು ಕೇಳುಗರು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ನಮ್ಮ ಮಾಳಿಗೆಯ ಮೇಲೆ ಇದು ಮತ್ತೆ ಬರುತ್ತದೆ.

ನಮ್ಮ ಸೀಮೆಯ ಅಂದಿನ ಸ್ಥಿತಿಯನ್ನೂ ಒಂದು ಮಾತಿನಲ್ಲಿ ಹೇಳಬೇಕು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿ ಸಂಸ್ಥಾನದ್ದು, ಬೀಳಗಿ ಬ್ರಿಟಿಷರ ಬಿಜಾಪುರ ಜಿಲ್ಲೆಯದು. ಚಕ್ಕಡಿಯಲ್ಲಿ ಹೊರಟವನು ಒಂದೆರಡು ದಿನಗಳಲ್ಲಿ ನಾಲ್ಕು ಆಡಳಿತಗಳ ಧೂಳು ಕುಡಿಯುತ್ತಿದ್ದ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ನಾವೆಲ್ಲ ಕನ್ನಡ ನಾಡಿನವರಾದೆವು. ಆದರೆ ಅದಕ್ಕೂ ಮುಂಚೆಯೇ, 1950ರ ಜನವರಿ 8ರಂದು, ಧಾರವಾಡದಲ್ಲಿ ಬಾನುಲಿ ಕೇಂದ್ರ ತೆರೆದಿತ್ತು. ಬೇಂದ್ರೆಯವರು ಅಲ್ಲಿ ಸಾಹಿತ್ಯ ಸಲಹೆಗಾರರಾಗಿದ್ದರು, ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರಾಗಿದ್ದರು. ರಾಜ್ಯಗಳ ಗಡಿ ಕೂಡುವ ಮೊದಲೇ ಕಿವಿಗಳು ಕೂಡಿದ್ದವೆಂದರೆ ತಪ್ಪಾಗದು.

ನಮ್ಮ ಮನೆಗೆ ರೇಡಿಯೋ ಬಂದದ್ದು 1966ರಲ್ಲಿ. ನನಗೆ ಆಗ ಎಂಟು ವರ್ಷ. ಕವಾಟಗಳ ರೇಡಿಯೋ ಅದು. ಗುಂಡಿ ತಿರುಗಿಸಿದ ಮೇಲೆ ಬಿಸಿಯಾಗಿ ದನಿ ಬರುವವರೆಗೆ ಕಾಯಬೇಕು. ಏರಿಯಲ್ಲಿನಿಂದ ಇಳಿದ ತಂತಿ ಗವಾಕ್ಷಿಯ ಮೂಲಕ ಒಳಗೆ ಬರುತ್ತಿತ್ತು. ಇನ್ನೊಂದು ತಂತಿ ಹಿತ್ತಲಲ್ಲಿ ಇದ್ದಲಿ, ಉಪ್ಪು ತುಂಬಿದ ಕುಣಿಗೆ ಇಳಿದಿತ್ತು. ಅದಕ್ಕೆ ಅರ್ಥ್ ಎನ್ನುತ್ತಿದ್ದರು. ಎರಡರ ನಡುವೆ ಗೋಡೆಗೆ ಒಂದು ಹಿಡಿಕೆಯ ಸ್ವಿಚ್ಚು. ಮಳೆ ಗುಡುಗು ಬಂದರೆ ಹಿಡಿಕೆಯನ್ನು ಕೆಳಗಿಳಿಸಿ ತಂತಿಯನ್ನು ನೆಲಕ್ಕೆ ಕೂಡಿಸಬೇಕು. 1971ರ ಡಿಸೆಂಬರಿನ ಯುದ್ಧಕಾಲದಲ್ಲಿ ಓಣಿಯ ಜನರೆಲ್ಲ ನಮ್ಮ ಪಡಸಾಲೆಯಲ್ಲಿ ಕುಳಿತು ವಾರ್ತೆ ಕೇಳುತ್ತಿದ್ದರು. ಸೇನೆಯಲ್ಲಿದ್ದ ಮಗನ ತಾಯಿಯೊಬ್ಬಳು ವಾರ್ತೆ ಮುಗಿದ ಮೇಲೆ ರೇಡಿಯೋದ ಹತ್ತಿರ ಬಂದು, ‘ನನ್ನ ಮಗಾ ಹ್ಯಾಂಗದಾನ ಕೇಳ್ರಿ ಮಾಸ್ತರ್ರ’ ಎಂದಳು. ಅಪ್ಪ ತಲೆ ತಗ್ಗಿಸಿ, ‘ಇದು ಹೇಳೂದಷ್ಟ, ತಾಯಿ. ಕೇಳಿದ್ರ ಕೇಳಿಸ್ಕೊಳ್ಳೂದಿಲ್ಲ’ ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ಹಾಗೆಯೇ ಉಳಿದಿದೆ.

1973ರ ಮೇ ತಿಂಗಳ ಒಂದು ಸಂಜೆ, ಮಳೆಯ ಹನಿ ಬೀಳುವ ಮೊದಲೇ ಸಿಡಿಲು ಹೊಡೆಯಿತು. ಅಪ್ಪ ಸ್ವಿಚ್ಚಿನ ಹಿಡಿಕೆಗೆ ಕೈ ಚಾಚಿದ್ದರು, ಇನ್ನೂ ಇಳಿಸಿರಲಿಲ್ಲ. ರೇಡಿಯೋ ಸುಟ್ಟು ಕರಕಾಯಿತು; ಅಪ್ಪನ ಬಲಗೈಯ ಬೆರಳುಗಳು ಸುಟ್ಟವು. ಎರಡು ತಿಂಗಳು ಅವರು ಸೀಮೆಸುಣ್ಣ ಹಿಡಿಯಲಾರದೆ ಹೋದರು. ಗಳಗಳನ್ನು ಅವ್ವ ತಾನೇ ನಿಂತು ಕೀಳಿಸಿದಳು. ಅನಂತರ ನಮ್ಮ ಮನೆಗೆ ಶೆಲ್ಲಿನ ಟ್ರಾನ್ಸಿಸ್ಟರ್ ಬಂತು; ಅದರ ಏರಿಯಲ್ಲು ಅದರ ಹೊಟ್ಟೆಯೊಳಗೇ ಇತ್ತು. ಮಾಳಿಗೆ ಬರಿದಾಯಿತು.

ಆದ್ದರಿಂದ 2019ರ ಬೇಸಗೆಯಲ್ಲಿ, ಎಂಜಿನಿಯರಿಂಗ್ ಓದುತ್ತಿದ್ದ ತಮ್ಮನ ಮಗ ಬಂದು, ‘ದೊಡ್ಡಪ್ಪಾ, ಮಾಳಿಗಿ ಮ್ಯಾಲ ಒಂದು ತಂತಿ ಕಟ್ಟಬೇಕಂತ ಮಾಡೇನ್ರಿ’ ಎಂದಾಗ ನನ್ನ ಕಣ್ಣಿಗೆ ಕಂಡದ್ದು ಅಪ್ಪನ ಬೆರಳುಗಳು. ‘ಬ್ಯಾಡಪಾ. ಕಿಸೆದಾಗ ಫೋನ್ ಐತಲ್ಲ, ಸಾಕು’ ಎಂದೆ. ಅವನು ಎದುರು ಮಾತನಾಡಲಿಲ್ಲ.

ಆ ವರ್ಷದ ಆಗಸ್ಟನ್ನು ನಮ್ಮ ಸೀಮೆಯವರು ಮರೆಯಲಾರರು. ಘಟ್ಟದ ಮೇಲೆ ಸುರಿದ ಮಳೆಗೆ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಮ್ಮೆಗೇ ಉಕ್ಕಿದವು. ಜಮಖಂಡಿ, ರಬಕವಿ-ಬನಹಟ್ಟಿ, ಮುಧೋಳ, ಬೀಳಗಿ ತಾಲ್ಲೂಕುಗಳ ಹೊಳೆದಂಡೆಯ ಊರುಗಳು ನೀರಿನಲ್ಲಿ ನಿಂತವು. ನನ್ನ ತಂಗಿಯನ್ನು ಕೊಟ್ಟಿರುವುದು ಕೃಷ್ಣೆಯ ದಂಡೆಯ ಒಂದು ಹಳ್ಳಿಗೆ. ಮೊದಲ ದಿನ ಅಲ್ಲಿ ಕರೆಂಟು ಹೋಯಿತು. ಮರುದಿನ ಫೋನು ಹೋಯಿತು. ರಸ್ತೆ ಮೊದಲೇ ಹೋಗಿತ್ತು. ಮೂರು ದಿನ ತಂಗಿಯ ಸುದ್ದಿ ಇಲ್ಲ. ರೇಡಿಯೋ ಇತ್ತು, ಟೀವಿ ಇತ್ತು. ಯಾವ ಅಣೆಕಟ್ಟಿನಿಂದ ಎಷ್ಟು ಲಕ್ಷ ಕ್ಯೂಸೆಕ್ಸ್ ಬಿಟ್ಟರೆಂದು ಅವು ಹೇಳುತ್ತಲೇ ಇದ್ದವು. ನಾನು 1971ರ ಆ ತಾಯಿಯಂತೆ ಅವುಗಳ ಮುಂದೆ ಕುಳಿತಿದ್ದೆ. ನಾಲ್ಕನೆಯ ದಿನ ಟ್ರ್ಯಾಕ್ಟರಿನವನೊಬ್ಬ ಸುದ್ದಿ ತಂದ: ಎಲ್ಲರೂ ಗುಡಿಯ ಎತ್ತರದ ಕಟ್ಟೆಯ ಮೇಲೆ ಸುರಕ್ಷಿತವಾಗಿದ್ದಾರೆ. ಆಮೇಲೆ ತಂಗಿ ಹೇಳಿದಳು: ‘ನಮಗ ನೀರಿನ ಚಿಂತಿಗಿಂತ, ನೀ ಚಿಂತಿ ಮಾಡಾಕತ್ತಿರತಿ ಅನ್ನೂದ ಚಿಂತಿ ಆಗಿತ್ತಣ್ಣಾ.’

ಅಂದು ಸಂಜೆ ನಾನಾಗಿಯೇ ಹುಡುಗನನ್ನು ಕರೆದು, ತಂತಿ ಕಟ್ಟೆಂದೆ. ಅವನು ಪ್ರಾಮಾಣಿಕ. ‘ಒಂದು ತಂತಿ ಕಟ್ಟಿದ್ರ ಆಗೂದಿಲ್ರಿ. ಆ ಕಡಿನೂ ಒಂದು ಇರಬೇಕು, ಅಲ್ಲೊಬ್ಬರು ಕಲಿತಿರಬೇಕು’ ಎಂದ. 2001ರ ಭುಜ್ ಭೂಕಂಪದಲ್ಲಿಯೂ, 2004ರ ಡಿಸೆಂಬರಿನಲ್ಲಿ ಸುನಾಮಿ ಅಂಡಮಾನನ್ನು ಅಪ್ಪಳಿಸಿದಾಗಲೂ ಹ್ಯಾಮ್‌ಗಳು ನೆರವಾದುದನ್ನು ಅವನಿಂದ ತಿಳಿದೆ. ಸುನಾಮಿಯ ವೇಳೆ ಭಾರತಿ ಪ್ರಸಾದ್ ಎಂಬ ಮಹಿಳೆ ಹವ್ಯಾಸದ ಸಲುವಾಗಿಯೇ ಪೋರ್ಟ್‌ಬ್ಲೇರಿನಲ್ಲಿದ್ದರು. ಉಳಿದ ಸಂಪರ್ಕಗಳು ಕಡಿದಾಗ ಅವರ ತಂತಿಯ ಮೂಲಕ ಸುದ್ದಿ ಹೋಗಿಬಂತು. ಅಲ್ಲಿ ತಂತಿ ಮೊದಲೇ ಏರಿತ್ತು, ಅದನ್ನು ಬಲ್ಲವರು ಅಲ್ಲಿದ್ದರು ಎಂಬುದೇ ಮುಖ್ಯ. ನೆರೆ ಬಂದ ಮೇಲೆ ಕಟ್ಟುವ ತಂತಿ ನೆರೆಗೆ ಒದಗದು.

ಹುಡುಗ ಓದಿದ, ಪರೀಕ್ಷೆ ಬರೆದ, ಪರವಾನಗಿ ಪಡೆದ. ತಂತಿ ಏರಿದ ದಿನ ನಾನು ಕುರ್ಚಿ ಹಾಕಿಕೊಂಡು ಹಿತ್ತಲಲ್ಲಿ ಕುಳಿತಿದ್ದೆ. ಮೊದಲು ಲೆಕ್ಕ. ಮುನ್ನೂರನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಬರುತ್ತದೆ. ಡೈಪೋಲ್ ಅರ್ಧ ಅಲೆಯಷ್ಟು ಉದ್ದವಿರಬೇಕು. ತುದಿಗಳ ಪರಿಣಾಮದಿಂದ ಸ್ವಲ್ಪ ಕಡಿಮೆ ಸಾಕು. ಆದ್ದರಿಂದ 150ರ ಬದಲು 143ನ್ನು ಭಾಗಿಸುವುದು ರೂಢಿ. ಅವನು ಆರಿಸಿದ್ದು 7.1 ಮೆಗಾಹರ್ಟ್ಸ್. ಭಾಗಿಸಿದರೆ ಸುಮಾರು 20 ಮೀಟರ್. ಒಂದೊಂದು ತೋಳು 10 ಮೀಟರ್, ಅಂದರೆ 33 ಅಡಿ. ನಾನು ಸುಮ್ಮನೆ 42.34ನ್ನು ಹಾಕಿ ನೋಡಿದೆ. ಅದೂ 7.08 ಮೆಗಾಹರ್ಟ್ಸ್! ಉಷಾ ಮೆಹತಾ ಮಾತನಾಡಿ ಸೆರೆಮನೆಗೆ ಹೋದ ಅಲೆಯ ಪಕ್ಕದಲ್ಲೇ ನಮ್ಮ ಹುಡುಗ ಈಗ ಸರ್ಕಾರದ ಅನುಮತಿಪತ್ರ ಹಿಡಿದು ಕುಳಿತಿದ್ದಾನೆ. ಸ್ವಾತಂತ್ರ್ಯವೆಂಬುದರ ಅರ್ಥಗಳಲ್ಲಿ ಇದೂ ಒಂದು ಎನ್ನಿಸಿತು.

ತಂತಿಯನ್ನು ಲೆಕ್ಕಕ್ಕಿಂತ ಒಂದು ಗೇಣು ಉದ್ದವಾಗಿಯೇ ಕತ್ತರಿಸಿದ. ಹೆಚ್ಚಾದದ್ದನ್ನು ಆಮೇಲೆ ಕಡಿಮೆ ಮಾಡಬಹುದು. ಕಡಿಮೆಯಾದದ್ದಕ್ಕೆ ಗಂಟು ಹಾಕಬೇಕಾಗುತ್ತದೆ. ಇದು ನೇಕಾರರ ಊರಿನವನಿಗೆ ಹೇಳಿಕೊಡಬೇಕಾದ ಪಾಠವಲ್ಲ. ಎರಡು ತೋಳುಗಳು ಕೂಡುವ ನಡುವಿಗೆ ಒಂದು ಗಟ್ಟಿ ತುಂಡು. ಅಲ್ಲಿಂದ ದುಂಡನೆಯ ಕೇಬಲ್ ಕೆಳಗಿಳಿಯುತ್ತದೆ. ಎರಡೂ ತುದಿಗಳಿಗೆ ಪಿಂಗಾಣಿಯ ಗುಂಡುಗಳು, ಅವುಗಳಾಚೆ ನೈಲಾನ್ ಹಗ್ಗ. ಒಂದು ಹಗ್ಗ ಮಾಳಿಗೆಯ ಕಂಬಕ್ಕೆ, ಇನ್ನೊಂದು ಹಿತ್ತಲ ಬೇವಿನ ಮರಕ್ಕೆ. ಗಾಳಿಗೆ ಮರ ತೂಗಿದರೆ ತಂತಿ ಹರಿಯಬಾರದೆಂದು ಆ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ಕಲ್ಲು ತೂಗಬಿಟ್ಟ. ಬೀದಿಯ ಕರೆಂಟಿನ ತಂತಿಯಿಂದ ಎಷ್ಟು ದೂರವೆಂದು ಎರಡು ಸಲ ಅಳೆದ. ಹರಿದು ಬಿದ್ದರೂ ಅದನ್ನು ಮುಟ್ಟಬಾರದು. ಮಾತನಾಡುವಾಗ ತಂತಿಯ ತುದಿಗಳಲ್ಲಿ ವಿದ್ಯುತ್ತಿನ ಒತ್ತಡ ಹೆಚ್ಚು. ಆದ್ದರಿಂದ ಅವು ಮಕ್ಕಳ ಕೈಗೆ ಎಟುಕಬಾರದು. ಕೊನೆಗೆ, ನಾನು ಕೇಳುವ ಮೊದಲೇ, ಕೇಬಲನ್ನು ಯಂತ್ರದಿಂದ ಕಿತ್ತು ಹೊರಗೆ ನೆಲಕ್ಕೆ ಕೂಡಿಸುವ ಏರ್ಪಾಡನ್ನು ತೋರಿಸಿದ. ‘ಮೋಡ ಕಂಡ್ರ ಸಾಕು, ಕಿತ್ತ ಬಿಡತೇನ್ರಿ. ಗುಡುಗು ಕೇಳೂತನಕ ಕಾಯೂದಿಲ್ಲ.’ ಅಜ್ಜನ ಬೆರಳಿನ ಕಥೆಯನ್ನು ಅವನೂ ಕೇಳಿ ಬೆಳೆದವನು.

ತಂತಿಯ ಎತ್ತರ ನೆಲದಿಂದ 25 ಅಡಿ. ಇದು ಕಡಿಮೆಯಾಯಿತಲ್ಲವೇ ಎಂದೆ. ದೂರದೇಶಗಳನ್ನು ಮುಟ್ಟಲು ಕಡಿಮೆಯೇ, ನಮ್ಮ ಕೆಲಸಕ್ಕೆ ಇದೇ ಸರಿ ಎಂದ. ಅದರ ಮರ್ಮ ಹೀಗಿದೆ. ನೆಲಕ್ಕೆ ಸಮೀಪವಿರುವ ತಂತಿ ಅಲೆಯನ್ನು ಬಹುಪಾಲು ನೆಟ್ಟಗೆ ಮೇಲಕ್ಕೆ ಕಳಿಸುತ್ತದೆ. ಸುಮಾರು 300 ಕಿಲೋಮೀಟರ್ ಎತ್ತರದಲ್ಲಿ ಸೂರ್ಯನ ಪ್ರಭಾವದಿಂದ ವಿದ್ಯುದಂಶ ತುಂಬಿದ ಪದರವೊಂದಿದೆ. ಅಲೆ ಅದಕ್ಕೆ ತಾಗಿ ಮಳೆಯಂತೆ ಸುತ್ತಲ ಕೆಲವು ನೂರು ಕಿಲೋಮೀಟರುಗಳ ಮೇಲೆ ಇಳಿಯುತ್ತದೆ. ಅಂಥ ಪದರಗಳಿರುವುದನ್ನು 1924ರಲ್ಲಿ ಇಂಗ್ಲೆಂಡಿನ ಆಪಲ್ಟನ್ ಸಾಧಿಸಿ ತೋರಿಸಿದ. ಕಲ್ಕತ್ತೆಯ ಶಿಶಿರಕುಮಾರ ಮಿತ್ರರು ಅವುಗಳ ಅಧ್ಯಯನಕ್ಕೆ ಬಾಳನ್ನೇ ಮುಡಿಪಾಗಿಟ್ಟರು. ಆದರೆ ಅದರ ಉಪಯೋಗವನ್ನು ಮೊದಲು ಉಂಡವರು ಹವ್ಯಾಸಿಗಳು. 1912ರಲ್ಲಿ ಅಮೆರಿಕದ ಸರ್ಕಾರ, 200 ಮೀಟರಿಗಿಂತ ಕಿರಿದಾದ ಅಲೆಗಳು ಕೆಲಸಕ್ಕೆ ಬಾರದವೆಂದು ಎಣಿಸಿ ಅವರನ್ನು ಅಲ್ಲಿಗೆ ತಳ್ಳಿತು. 1923ರ ನವೆಂಬರಿನಲ್ಲಿ ಸುಮಾರು 100 ಮೀಟರಿನ ಅಲೆಯ ಮೇಲೆ ಫ್ರಾನ್ಸಿನ ಒಬ್ಬ ಹವ್ಯಾಸಿ, ಅಮೆರಿಕದ ಒಬ್ಬ ಹವ್ಯಾಸಿ ಅಟ್ಲಾಂಟಿಕ್ಕಿನ ಎರಡು ದಡಗಳಿಂದ ಮಾತುಕತೆ ನಡೆಸಿದರು. ಹಾಳುಬಿದ್ದ ಹೊಲವೆಂದು ಕೊಟ್ಟದ್ದು ಬಂಗಾರದ ಬೆಳೆ ಕೊಟ್ಟಿತು.

ಯೋಚಿಸಿ ನೋಡಿ. ನನ್ನ ಮನೆಯಿಂದ ತಂಗಿಯ ಹಳ್ಳಿ 25 ಕಿಲೋಮೀಟರ್. ನಡುವೆ ಹೊಳೆ. ಆ ಹೊಳೆ ದಾಟಲು ಮಾತು 300 ಕಿಲೋಮೀಟರ್ ಮೇಲೇರಿ, ಮತ್ತೆ ಅಷ್ಟೇ ಇಳಿಯಬೇಕು. ಆಗ ಅದು ನಿಜವಾಗಿಯೂ ಆಕಾಶದಿಂದ ಬಂದ ವಾಣಿ. ವ್ಯತ್ಯಾಸವಿಷ್ಟೇ: ಈ ವಾಣಿಗೆ ಮರುನುಡಿ ಉಂಟು.

ಮೊದಲ ದಿನ ಬೆಂಗಳೂರಿನ ಒಂದು ದನಿ ಕೇಳಿಸಿತು. ಸ್ವಲ್ಪ ಗೊರಗೊರ, ಆದರೆ ಸ್ಪಷ್ಟ ಕನ್ನಡ. ಹುಡುಗ ತನ್ನ ಸಂಕೇತನಾಮ ಹೇಳಿದ, ಊರು ಹೇಳಿದ. ಅತ್ತ ಕಡೆಯವರು ಜಮಖಂಡಿಯೆಂದು ಮತ್ತೆ ಉಚ್ಚರಿಸಿದರು. ಮೂವತ್ತೈದು ವರ್ಷ ತರಗತಿಯಲ್ಲಿ ಮಾತನಾಡಿಯೇ ಹೊಟ್ಟೆ ಹೊರೆದ ನಾನು ಮೈಕಿನ ಕಡೆ ಬಾಗಿದೆ. ಹುಡುಗ ನನ್ನ ಕೈಯನ್ನು ಮೆಲ್ಲನೆ ಸರಿಸಿದ. ‘ತಮಗ ಲೈಸೆನ್ಸ್ ಇಲ್ರಿ ದೊಡ್ಡಪ್ಪಾ.’ ನಾನು ಸುಮ್ಮನೆ ಕುಳಿತು ಕೇಳಿದೆ. ಕೇಳುವವನ ಜಾಗದಲ್ಲಿ ಕುಳಿತ ನನಗೆ ಅಪ್ಪನ ನೆನಪಾಯಿತು.

ತಂಗಿಯ ಊರಿನ ತಂತಿ ಇನ್ನೂ ಏರಿಲ್ಲ. ಆದರೆ ಅವಳ ಮೊಮ್ಮಗಳಿಗೆ ಹದಿಮೂರು ತುಂಬಿದೆ, ಪರೀಕ್ಷೆಯ ಪುಸ್ತಕವನ್ನು ಅವಳು ಒಯ್ದಿದ್ದಾಳೆ. ಹೋದ ವಾರ ಫೋನಿನಲ್ಲಿ, ‘ಅಜ್ಜಾ, ನಮ್ಮ ಹಿತ್ತಲ ಅರವತ್ತು ಫೂಟ ಐತಿ, ಆರು ಫೂಟ ಕಡಿಮಿ ಬೀಳತೈತಿ’ ಎಂದು ದೂರಿದಳು. ನಡುವೆ ಒಂದೇ ಕಂಬ ನೆಟ್ಟು, ಎರಡೂ ತೋಳುಗಳನ್ನು ಗುಡಿಸಲ ಮಾಡಿನಂತೆ ಇಳಿಬಿಟ್ಟರೆ ಅಷ್ಟೇ ಜಾಗ ಸಾಕಾಗುತ್ತದೆಂದು ಹುಡುಗ ಹೇಳಿಕೊಟ್ಟಿದ್ದಾನೆ. ಕಂಬಕ್ಕೆ ಬೇಕಾದ ಬಿದಿರನ್ನು ಈ ಸಲದ ಮಳೆಗಾಲಕ್ಕೆ ಮುಂಚೆ ನಾನು ಕಳಿಸಬೇಕಾಗಿದೆ.